ತಂತಿಯಿಂದ ಕಿವಿಗೆ ಎಷ್ಟು ದೂರ?

ವಿಜಯಪುರದ ಗೋಳಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಮೇಲಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎದುರಿನ ಗೋಡೆ ಮುಟ್ಟಲು 110 ಮಿಲಿಸೆಕೆಂಡು ಬೇಕು, ಮರಳಿ ಬರಲು ಮತ್ತೆ ಅಷ್ಟೇ. ಒಟ್ಟು 220. ತಡವಾಗಿ ಮರಳುವ ಆ ಸದ್ದನ್ನು ಕೇಳಲೆಂದೇ ಜನ ಅಷ್ಟೊಂದು ಮೆಟ್ಟಿಲು ಹತ್ತುತ್ತಾರೆ. ಅದರ ಐದನೇ ಒಂದು ಭಾಗದಷ್ಟು ತಡವಾದರೂ ಸಾಕು, ಹೆಡ್‌ಫೋನ್ ಹಾಕಿಕೊಂಡು ಗಿಟಾರ್ ನುಡಿಸುವವರ ಬೆರಳು ತಡವರಿಸುತ್ತದೆ.

ವಿಜಯಪುರದಲ್ಲಿ, ತಿಕೋಟಾ, ಬಬಲೇಶ್ವರದಲ್ಲಿ ಈಗ ಹಾಡು ರೆಕಾರ್ಡ್ ಮಾಡಲು ದೊಡ್ಡ ಸ್ಟುಡಿಯೊ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಅಂಗೈ ಅಗಲದ ಆಡಿಯೊ ಇಂಟರ್‌ಫೇಸ್, ಒಂದು ಹೆಡ್‌ಫೋನ್ ಇದ್ದರೆ ಮನೆಯ ಕೋಣೆಯಲ್ಲೇ ತತ್ವಪದಕ್ಕೂ ಭಾವಗೀತೆಗೂ ಗಿಟಾರ್ ಕೂಡಿಸಬಹುದು. ಆದರೆ ಮೊದಲ ದಿನವೇ ದೂರು ಶುರು: "ನಾ ಬಾರಿಸಿದ ಮ್ಯಾಲೆ ಲೇಟಾಗಿ ಕೇಳಾಕತ್ತೈತಿ." ಅನುಮಾನ ಹೋಗುವುದು ಗಿಟಾರ್ ಮೇಲೆ, ಕೇಬಲ್ ಮೇಲೆ, ಕೊನೆಗೆ ಹೊಸ ಕಂಪ್ಯೂಟರ್ ಕೊಳ್ಳುವ ಯೋಚನೆಗೆ. ಹಣ ಖರ್ಚು ಮಾಡುವ ಮೊದಲು ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡಬೇಕು.

ಕಂಪ್ಯೂಟರ್ ಇಲ್ಲದಿದ್ದಾಗ ಆ ದಾರಿ ಎಷ್ಟು ಉದ್ದ? ತಿಕೋಟಾ ರಸ್ತೆಯಲ್ಲಿ ತೊರವಿ ಸಿಗುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸಿದ ನವರಸಪುರದ ಸಂಗೀತ ಮಹಲ್ ಅಲ್ಲೇ ಇದೆ. ಆ ಸುಲ್ತಾನ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ತಂಬೂರಿ ಮೀಟುವವರ ಕಿವಿಗೂ ತಂತಿಗೂ ನಡುವೆ ಇರುವುದು ಮೊಳ, ಒಂದೂವರೆ ಮೊಳ ದೂರ. ಸದ್ದು ಎರಡು ಮಿಲಿಸೆಕೆಂಡಿನೊಳಗೆ ಕಿವಿ ಸೇರುತ್ತದೆ. ವಾದ್ಯ ಕಲಿತವರ ಕೈ ಮತ್ತು ಕಿವಿ ಇಂಥ ತಕ್ಷಣದ ಉತ್ತರಕ್ಕೆ ಒಗ್ಗಿಕೊಂಡಿರುತ್ತವೆ. ಕಂಪ್ಯೂಟರ್ ನಡುವೆ ಬಂದು ಕೂತಾಗ ಕೆಡುವುದು ಈ ಒಪ್ಪಂದ.

ಗಿಟಾರಿನ ಪಿಕಪ್‌ನಿಂದ ಬರುವುದು ಏರಿಳಿಯುವ ಸಣ್ಣ ವೋಲ್ಟೇಜು. ಇಂಟರ್‌ಫೇಸ್ ಅದನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಯಾಗಿಸುತ್ತದೆ. ಒಂದೊಂದು ಅಂಕಿ ಬಂದ ಹಾಗೆ ಕಂಪ್ಯೂಟರ್ ಕೈಗೆ ಕೊಡುವುದಿಲ್ಲ. ವಿಜಯಪುರದಲ್ಲಿ ಸೀಟು ತುಂಬುವವರೆಗೆ ಹೊರಡದ ಟಂಟಂ ಗಾಡಿಯಂತೆ, ಒಂದು ಗುಂಪು ತುಂಬಿದ ಮೇಲೆಯೇ ಒಟ್ಟಿಗೆ ಸಾಗಿಸುತ್ತದೆ. ಈ ಗುಂಪೇ ಬಫರ್. ಅದರ ಗಾತ್ರ 1024 ಎಂದಿದ್ದರೆ ತುಂಬಲು 21 ಮಿಲಿಸೆಕೆಂಡು. ಸಂಸ್ಕರಿಸಿದ ಸದ್ದು ಹೊರಬರುವಾಗಲೂ ಅಷ್ಟೇ ಕಾಯಬೇಕು. ಎರಡೂ ಸೇರಿ ಸುಮಾರು 43, ಪರಿವರ್ತಕಗಳ ತಡ ಬೇರೆ. ಹದಿನೈದು ಮೀಟರ್ ಆಚೆ ಇಟ್ಟ ಸ್ಪೀಕರ್‌ನಿಂದ ನಿಮ್ಮದೇ ಗಿಟಾರ್ ಕೇಳಿದ ಹಾಗೆ. ಬಫರ್ 128ಕ್ಕೆ ಇಳಿಸಿದರೆ ಹೋಗಿಬರುವ ಕಾಯುವಿಕೆ 5.3 ಮಿಲಿಸೆಕೆಂಡು, ಅಂದರೆ ಎರಡು ಮೀಟರಿಗೂ ಕಡಿಮೆ ದೂರ. ಒಟ್ಟು ತಡ ಹತ್ತರೊಳಗಿದ್ದರೆ ಬಹುತೇಕ ಗಿಟಾರ್ ವಾದಕರಿಗೆ ತೊಂದರೆ ಎನಿಸದು.

ಹಾಗಾದರೆ ಯಾವಾಗಲೂ ಚಿಕ್ಕದೇ ಇಡಬಾರದೇ? ಗುಂಪು ಚಿಕ್ಕದಾದಷ್ಟೂ ಪ್ರೊಸೆಸರ್‌ಗೆ ಬಿಡುವಿಲ್ಲ. ಒಂದು ಗುಂಪಿನ ಕೆಲಸ ಮುಗಿಯುವ ಮೊದಲೇ ಮುಂದಿನದು ಬಂದರೆ ಹೆಡ್‌ಫೋನಿನಲ್ಲಿ ಪಟಪಟ ಸದ್ದು, ನಡುನಡುವೆ ಕಡಿತ. ಆದ್ದರಿಂದ ನುಡಿಸುವಾಗ 64 ಅಥವಾ 128, ಮಿಕ್ಸಿಂಗ್‌ಗೆ ಕೂತಾಗ 1024. ವಿಂಡೋಸ್‌ನಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಏಸಿಯೊ ಮಾದರಿಯ ಡ್ರೈವರ್ ಆರಿಸಿಕೊಳ್ಳಿ. ಇಂಟರ್‌ಫೇಸ್ ತಯಾರಕರೇ ಕೊಟ್ಟದ್ದಾದರೆ ಇನ್ನೂ ಒಳ್ಳೆಯದು. ಬಫರ್ ಇಳಿಸಿದರೂ ತಡ ಹಾಗೆಯೇ ಇದೆಯೇ? ಮಾಸ್ಟರ್ ಟ್ರ್ಯಾಕ್ ಮೇಲೆ ಹಾಕಿದ ಲಿಮಿಟರ್ ತೆಗೆದು ನೋಡಿ. ಮುಂದೆ ಬರುವ ಸದ್ದನ್ನು ಮೊದಲೇ ನೋಡಿ ಕೆಲಸ ಮಾಡುವ ಇಂಥ ಪ್ಲಗಿನ್‌ಗಳು ತಮ್ಮದೇ ತಡ ಸೇರಿಸುತ್ತವೆ. ಬ್ಲೂಟೂತ್ ಹೆಡ್‌ಫೋನ್ ಅಂತೂ ಬೇಡವೇ ಬೇಡ. ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡು ದಾಟುತ್ತದೆ.

ಇನ್ನೊಂದು ದೂರು ಇದಕ್ಕಿಂತ ವಿಚಿತ್ರ: ಒಂದೇ ಗಿಟಾರ್ ಎರಡಾಗಿ, ಪೈಪಿನೊಳಗಿಂದ ಬಂದ ಹಾಗೆ ಟೊಳ್ಳಾಗಿ ಕೇಳುತ್ತದೆ. ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದು ಸದ್ದನ್ನು ಕಂಪ್ಯೂಟರ್ ಕಡೆ ಕಳಿಸುವ ಮೊದಲೇ ಹೆಡ್‌ಫೋನಿಗೂ ಹಂಚುತ್ತದೆ. ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕಿನ ಮಾನಿಟರ್ ಕೂಡ ಆನ್ ಇದ್ದರೆ ಅದೇ ಸದ್ದು ಎರಡು ದಾರಿಯಲ್ಲಿ, ಹಿಂದೆಮುಂದೆ ಬರುತ್ತದೆ. ಗುಮ್ಮಟದಲ್ಲಿ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುವುದು ಅಂತರ ದೊಡ್ಡದಿರುವುದರಿಂದ. ಕೆಲವೇ ಮಿಲಿಸೆಕೆಂಡಿನ ಅಂತರವನ್ನು ಕಿವಿ ಬಿಡಿಸಲಾರದು, ಒಂದೇ ಸದ್ದೆಂದು ಬೆಸೆದುಬಿಡುತ್ತದೆ. ಆದರೆ ಅಲೆಗಳ ಲೆಕ್ಕ ನಡೆದೇ ಇರುತ್ತದೆ. ಅಂತರ 5 ಮಿಲಿಸೆಕೆಂಡು ಎನ್ನಿ. 100, 300, 500 ಹರ್ಟ್ಸ್‌ನಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿಸಿಹೋಗುತ್ತವೆ. 200, 400ರಲ್ಲಿ ಕೂಡಿ ಉಬ್ಬುತ್ತವೆ. ಗಿಟಾರಿನ ದಪ್ಪ ತಂತಿಯ ಮೂಲಸ್ವರ 82 ಹರ್ಟ್ಸ್, ಅದರ ಪಕ್ಕದ್ದು 110. ನಾದಕ್ಕೆ ತೂಕ ಕೊಡುವ ಜಾಗದಲ್ಲೇ ಹೊಂಡ ಬಿದ್ದಂತಾಯಿತು.

ಎರಡು ದಾರಿಯಲ್ಲಿ ಒಂದನ್ನು ಮುಚ್ಚಿದರೆ ಮುಗಿಯಿತು. ಆಂಪ್ಲಿಫೈಯರ್ ಪ್ಲಗಿನ್‌ನ ಗಡುಸು ನಾದ ಕೇಳುತ್ತಲೇ ನುಡಿಸಬೇಕಿದ್ದರೆ ಸಾಫ್ಟ್‌ವೇರ್ ದಾರಿ ಬೇಕು. ಶುದ್ಧ ನಾದ ಸಾಕೆಂದರೆ ಡೈರೆಕ್ಟ್ ಮಾನಿಟರ್. ಹಳೆಯ ಕಂಪ್ಯೂಟರ್ ಇರುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ತಡದ ಗೊಡವೆಯೇ ಇರುವುದಿಲ್ಲ, ನುಡಿಸುವವರ ಮನಸ್ಸು ಲಯದ ಮೇಲೆ ನಿಲ್ಲುತ್ತದೆ.

ಸದ್ದು ತೆಳ್ಳಗೆ, ಮಂಕಾಗಿ ಬರುತ್ತಿದ್ದರೆ ಇನ್‌ಪುಟ್ ಸ್ವಿಚ್ಚನ್ನು 'ಇನ್‌ಸ್ಟ್ರುಮೆಂಟ್' ಕಡೆಗೆ ಒತ್ತಿ. ಪಿಕಪ್‌ಗೆ ಸುಮಾರು ಒಂದು ಮೆಗಾ ಓಮ್‌ನಷ್ಟು ದೊಡ್ಡ ತಡೆ ಎದುರಿಗಿರಬೇಕು. 'ಲೈನ್' ಇನ್‌ಪುಟ್‌ನ ತಡೆ ಬಹಳ ಕಡಿಮೆ, ಅದರಲ್ಲಿ ಮೇಲಿನ ಸ್ವರಗಳ ಹೊಳಪು ಸೋರಿಹೋಗುತ್ತದೆ.

ಕೊನೆಗೆ ಗುಂಯ್ ಎನ್ನುವ ಹಮ್. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಮ್ ಕೂಡ ಅಲ್ಲೇ ಮತ್ತು ಅದರ ಮಗ್ಗಿಯಲ್ಲಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಹಮ್ ನಿಂತರೆ ತಪ್ಪು ಚಾರ್ಜರ್‌ನಲ್ಲಿದೆ ಅಥವಾ ಮನೆಯ ಅರ್ಥಿಂಗ್‌ನಲ್ಲಿದೆ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ನೆಲದ ತಡೆ ಏರಿ ಅರ್ಥಿಂಗ್ ದುರ್ಬಲವಾಗುತ್ತದೆ. ಬ್ಯಾಟರಿಯಲ್ಲೂ ಹಮ್ ಇದ್ದರೆ ಗಿಟಾರ್ ಹಿಡಿದು ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಅದು ಕುಗ್ಗಿದರೆ ಪಿಕಪ್ ಹತ್ತಿರದ ಅಡಾಪ್ಟರ್ ಅಥವಾ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಹೀರುತ್ತಿದೆ ಎಂದರ್ಥ. ಹಮ್ ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥಿಂಗ್ ಪಿನ್ ಮಾತ್ರ ಯಾರೂ ಕತ್ತರಿಸಬೇಡಿ. ಗಿಟಾರಿನ ಲೋಹದ ತಂತಿಗಳು ಕೇಬಲ್ ಮೂಲಕ ಅದೇ ನೆಲದ ತಂತಿಗೆ ಸೇರಿರುತ್ತವೆ, ಅವುಗಳ ಮೇಲೆ ನಿಮ್ಮ ಬರಿಗೈ ಇರುತ್ತದೆ.