ಭರವಸೆಯೂ ಪ್ರಯತ್ನವೂ

ದೈವವು ದೊಡ್ಡದೋ ಪೌರುಷವು ದೊಡ್ಡದೋ ಎಂಬ ಚರ್ಚೆಯು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಶ್ರೀವೈಷ್ಣವ ಸಂಪ್ರದಾಯದವರು ಇದನ್ನು ಎರಡು ನ್ಯಾಯಗಳಿಂದ ವಿವರಿಸುವರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಪಿಯ ಮರಿಯು ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅವುಚಿಕೊಂಡಿರುವುದು. ಇದು ಮರ್ಕಟಕಿಶೋರ ನ್ಯಾಯ, ವಡಗಲೆಯವರ ಮತ. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುವುದು. ಇದು ಮಾರ್ಜಾಲಕಿಶೋರ ನ್ಯಾಯ, ತೆಂಗಲೆಯವರ ಮತ. ಕ್ರೈಸ್ತರಲ್ಲಿಯೂ ಐದನೆಯ ಶತಮಾನದಲ್ಲಿ ಆಗಸ್ಟೀನನ ಪಕ್ಷಕ್ಕೂ ಪೆಲಾಗಿಯನ ಪಕ್ಷಕ್ಕೂ ಇದೇ ಬಗೆಯ ವಾದವು ನಡೆಯಿತು.

ಪಂಡಿತರ ವಾದವನ್ನು ಪಂಡಿತರಿಗೇ ಬಿಡೋಣ. ಗೃಹಸ್ಥನ ಪ್ರಶ್ನೆಯು ಇನ್ನೂ ಹತ್ತಿರದ್ದು. ಮಗುವು ಜ್ವರದಿಂದ ಬಳಲುತ್ತಿರುವಾಗ ವೈದ್ಯನನ್ನು ಕರೆಯಿಸಿದರೆ ದೇವರಲ್ಲಿ ನಂಬಿಕೆ ಕಡಿಮೆಯಾದಂತಾಯಿತೆ? ಕರೆಯಿಸದೆ ಪ್ರಾರ್ಥಿಸುತ್ತ ಕುಳಿತರೆ ಅದು ಭಕ್ತಿಯೋ ಆಲಸ್ಯವೋ? ನಮ್ಮ ಅಧ್ಯಾಪಕವೃತ್ತಿಯ ಕಾಲದಲ್ಲಿ ಪರೀಕ್ಷೆಯ ಹಿಂದಿನ ದಿನ ಮಾತ್ರ ಭಕ್ತರಾಗುವ ಬಾಲಕರನ್ನು ಬೇಕಾದಷ್ಟು ಕಂಡೆವು. ಅವರನ್ನು ಕುರಿತು ನಗಬಹುದು. ಜ್ವರದ ಮಗುವಿನ ತಂದೆಯನ್ನು ಕುರಿತು ನಗುವಂತಿಲ್ಲ.

ಕ್ರೈಸ್ತಗ್ರಂಥದಲ್ಲಿ ಈ ವಿಷಯಕ್ಕೆ ಉತ್ತಮವಾದ ನಿದರ್ಶನವೆಂದು ನಮಗೆ ತೋರುವುದು ಅಪೊಸ್ತಲರ ಕೃತ್ಯಗಳೆಂಬ ಪುಸ್ತಕದ ೨೭ನೆಯ ಅಧ್ಯಾಯ. ಕ್ರಿ. ಶ. ೬೦ರ ಸುಮಾರಿನಲ್ಲಿ ಪೌಲನು ಸೆರೆಯಾಳಾಗಿ, ಚಕ್ರವರ್ತಿಯ ವಿಚಾರಣೆಗೋಸ್ಕರ ರೋಮಿಗೆ ಸಾಗಿಸಲ್ಪಡುತ್ತಿದ್ದನು. ಹಡಗಿನಲ್ಲಿ ಗೋದಿಯ ಹೊರೆ, ಜನರು ೨೭೬. ಕ್ರೇತ ದ್ವೀಪವನ್ನು ಮುಟ್ಟಿದಾಗ, ಯಾನದ ಕಾಲವು ಮೀರಿತು, ಮುಂದೆ ಹೋದರೆ ಅಪಾಯವೆಂದು ಪೌಲನು ಎಚ್ಚರಿಸಿದನು. ಶತಾಧಿಪತಿಯು ಸೆರೆಯಾಳಿನ ಮಾತಿಗಿಂತ ನಾವಿಕನ ಮತ್ತು ಹಡಗಿನ ಒಡೆಯನ ಮಾತನ್ನೇ ಹೆಚ್ಚಾಗಿ ನಂಬಿದನು. ಇದು ಲೋಕರೂಢಿಯೇ ಸರಿ. ತೆಂಕಣ ಗಾಳಿಯು ಮೆಲ್ಲನೆ ಬೀಸಿತು, ಹಡಗು ಹೊರಟಿತು. ಸ್ವಲ್ಪ ಕಾಲದೊಳಗೇ ಈಶಾನ್ಯದ ಚಂಡಮಾರುತವು ಬಡಿಯಿತು. ಹಡಗಿಗೆ ಹಗ್ಗಗಳನ್ನು ಸುತ್ತಿ ಬಿಗಿದರು. ಸರಕನ್ನು ಕಡಲಿಗೆ ಎಸೆದರು. ಮೂರನೆಯ ದಿನ ಹಡಗಿನ ಸಲಕರಣೆಗಳನ್ನೂ ಎಸೆದರು. ಅನೇಕ ದಿನಗಳವರೆಗೆ ಸೂರ್ಯನೂ ಇಲ್ಲ, ನಕ್ಷತ್ರಗಳೂ ಇಲ್ಲ. ಬದುಕುವ ಆಶೆಯೇ ಉಳಿಯಲಿಲ್ಲ. ಜನರು ಅನ್ನವನ್ನೂ ಬಿಟ್ಟರು.

ಆಗ ಪೌಲನು ಎದ್ದು ನಿಂತು, ಹಡಗು ಹೋಗುವುದು, ಆದರೆ ಒಂದು ಪ್ರಾಣವೂ ಹೋಗುವುದಿಲ್ಲವೆಂದು ದೇವದೂತನು ತನಗೆ ತಿಳಿಸಿರುವನೆಂದು ಹೇಳಿದನು. ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪ್ರಾಣಗಳು ಉಳಿಯುವುದು ನಿಶ್ಚಯವಾದ ಮೇಲೆ ಮಾಡತಕ್ಕದ್ದೇನು ಉಳಿಯಿತು? ಆದರೂ ಕೆಲಸಗಳ ವಿವರವು ಅಲ್ಲಿಂದ ಮುಂದೆಯೂ ಒಂದರ ಹಿಂದೆ ಒಂದು ಬರುತ್ತದೆ. ಹದಿನಾಲ್ಕನೆಯ ರಾತ್ರಿ ನೆಲವು ಹತ್ತಿರವಾದಂತೆ ತೋರಿ ನಾವಿಕರು ಅಳೆಗುಂಡು ಬಿಟ್ಟು ನೋಡಿದರು. ಇಪ್ಪತ್ತು ಮಾರು, ಇನ್ನೊಮ್ಮೆ ಬಿಟ್ಟಾಗ ಹದಿನೈದು ಮಾರು. ಬಂಡೆಗೆ ಬಡಿದೇವೆಂದು ಹೆದರಿ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಹಾಕಿದರು. ಬಳಿಕ ಮುಂಭಾಗದಲ್ಲಿಯೂ ಲಂಗರು ಹಾಕುವ ನೆವದಿಂದ ದೋಣಿಯನ್ನಿಳಿಸಿ, ತಾವು ಮಾತ್ರ ತಪ್ಪಿಸಿಕೊಳ್ಳಲು ಹವಣಿಸಿದರು. ಪೌಲನು ಇದನ್ನು ಕಂಡು, ಈ ನಾವಿಕರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರೆಂದು ಶತಾಧಿಪತಿಗೂ ಸಿಪಾಯಿಗಳಿಗೂ ತಿಳಿಸಿದನು. ಸಿಪಾಯಿಗಳು ಕೂಡಲೇ ದೋಣಿಯ ಹಗ್ಗಗಳನ್ನು ಕಡಿದುಬಿಟ್ಟರು.

ಒಬ್ಬನೂ ಸಾಯನೆಂದು ಹೇಳಿದವನೇ, ನಾವಿಕರು ಹೋದರೆ ಉಳಿಯಲಾರಿರೆಂದನು. ತರ್ಕಶಾಸ್ತ್ರ ಬಲ್ಲವರು ಇದನ್ನು ಪೂರ್ವಾಪರವಿರೋಧವೆಂದಾರು. ನಮಗೆ ಹಾಗೆ ತೋರುವುದಿಲ್ಲ. ದೇವರು ಮಾತು ಕೊಟ್ಟದ್ದು ಫಲವನ್ನು ಕುರಿತು; ಆ ಫಲವು ಬರುವ ದಾರಿಯಲ್ಲಿ ನಾವಿಕರ ಕೈಗಳೂ ಸೇರಿದ್ದವು. ಬೆಳಗಿನ ಜಾವದಲ್ಲಿ ಪೌಲನು ತಾನೇ ರೊಟ್ಟಿಯನ್ನು ಮುರಿದು, ದೇವರಿಗೆ ಸ್ತೋತ್ರಮಾಡಿ ಉಂಡನು. ಉಳಿದವರೂ ಧೈರ್ಯ ತಂದುಕೊಂಡು ಉಂಡರು. ಹೊಟ್ಟೆ ತುಂಬಿದ ಮೇಲೆ ಗೋದಿಯನ್ನು ಕಡಲಿಗೆ ಚೆಲ್ಲಿ ಹಡಗನ್ನು ಹಗುರಮಾಡಿದರು. ಹಡಗು ನೆಲಕ್ಕೆ ತಾಗಿ ಒಡೆಯಲಾಗಿ, ಈಜಬಲ್ಲವರು ಈಜಿದರು, ಮಿಕ್ಕವರು ಹಲಗೆಗಳನ್ನು ಹಿಡಿದರು. ೨೭೬ ಜನರೂ ಮೆಲಿತೆ ದ್ವೀಪವನ್ನು, ಅಂದರೆ ಈಗಿನ ಮಾಲ್ಟಾವನ್ನು ಸೇರಿದರು.

ತನಗೆ ತಾನೇ ನೆರವಾಗುವವನಿಗೆ ದೇವರು ನೆರವಾಗುವನೆಂಬ ಗಾದೆಯನ್ನು ಬೈಬಲಿನ ಮಾತೆಂದು ಅನೇಕರು ತಿಳಿದಿರುವರು. ಅದು ಬೈಬಲಿನಲ್ಲಿಲ್ಲ. ಮೇಲಿನ ಕಥೆಯಾದರೋ ಅದಕ್ಕೆ ತಿರುಗುಮುರುಗಾಗಿದೆ. ಶ್ರಮಕ್ಕೆ ಕೂಲಿಯಾಗಿ ಅಭಯವು ದೊರೆಯಲಿಲ್ಲ. ಆಶೆಗೆಟ್ಟು ಅನ್ನ ಬಿಟ್ಟು ಕುಳಿತವರಿಗೆ ಅಭಯವು ದೊರೆತು, ಅದರಿಂದ ಅವರ ಕೈಗಳಿಗೆ ಮತ್ತೆ ಕಸುವು ಬಂದಿತು.

ಇದು ಹಡಗಿನಲ್ಲಿ ಮಾತ್ರ ಸಲ್ಲುವ ಮಾತೆಂದು ಯಾರಾದರೂ ಹೇಳಿಯಾರು. ೧೮೦೫ರಲ್ಲಿ ಪ್ರಶಿಯದಲ್ಲಿ ಹುಟ್ಟಿ, ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ನೆಲೆಸಿದ ಜಾರ್ಜ್ ಮುಲ್ಲರನು ೧೮೩೬ರಲ್ಲಿ ಅನಾಥಬಾಲಕಿಯರಿಗಾಗಿ ಬಾಡಿಗೆಯ ಮನೆಯೊಂದನ್ನು ತೆರೆದನು. ಹಣ ಬೇಕೆಂದು ಮನುಷ್ಯರನ್ನು ಕೇಳುವುದಿಲ್ಲ, ದೇವರನ್ನು ಮಾತ್ರ ಕೇಳುವೆನೆಂಬುದು ಅವನ ನಿಯಮ. ೧೮೭೦ರ ಹೊತ್ತಿಗೆ ಐದು ದೊಡ್ಡ ಕಟ್ಟಡಗಳಲ್ಲಿ ಎರಡು ಸಾವಿರ ಮಕ್ಕಳಿಗೆ ಸ್ಥಳವಾಯಿತು. ಇಂಥವನು ಲೆಕ್ಕದ ಪುಸ್ತಕವನ್ನು ಅಲಕ್ಷಿಸಿರಬೇಕೆಂದು ಊಹಿಸಿದರೆ ತಪ್ಪು. ಬಂದ ದಾನಕ್ಕೆ ರಸೀದಿ, ವರ್ಷವರ್ಷಕ್ಕೆ ಅಚ್ಚಾದ ವರದಿ, ಸಾಲವನ್ನು ಮಾತ್ರ ಮಾಡಕೂಡದೆಂಬ ಕಟ್ಟುನಿಟ್ಟು. ೧೮೯೮ರಲ್ಲಿ ತೀರಿಕೊಳ್ಳುವವರೆಗೂ ಇದೇ ಕ್ರಮ.

ಇನ್ನು ಜ್ವರದ ಮಗುವಿನ ಮಾತು. ಆ ಹಡಗಿನ ವೃತ್ತಾಂತವನ್ನು ಬರೆದವನು ಅಲ್ಲಲ್ಲಿ ‘ನಾವು’ ಎಂದು ಹೇಳಿಕೊಳ್ಳುವನು. ಅವನು ಲೂಕನೆಂದು ಸಂಪ್ರದಾಯದವರ ನಂಬಿಕೆ. ಲೂಕನು ವೈದ್ಯ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನನ್ನು ಪ್ರಿಯನಾದ ವೈದ್ಯನೆಂದೇ ಕರೆದಿದೆ. ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿ, ಎಲ್ಲ ಮನುಷ್ಯರಿಗೋಸ್ಕರ ಪ್ರಾರ್ಥಿಸಬೇಕೆಂದು ವಿಧಿಸಿದೆ. ಅದೇ ಪತ್ರದಲ್ಲಿ, ಮೂರು ಅಧ್ಯಾಯಗಳ ತರುವಾಯ, ತಿಮೊಥೆಯನಿಗೆ ಆಗಾಗ್ಗೆ ಬರುತ್ತಿದ್ದ ಹೊಟ್ಟೆಯ ತೊಂದರೆಗೆ ನೀರನ್ನೇ ಕುಡಿಯದೆ ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳಬೇಕೆಂದು ಔಷಧವನ್ನೂ ಹೇಳಿದೆ.