ಐವತ್ತರ ಬೆರಳಿಗೆ ಸರಳೆವರಸೆ

ಐವತ್ತು ದಾಟಿದ ಗೃಹಸ್ಥನೊಬ್ಬ ಸಂಜೆ ವೇಳೆ ವಾದ್ಯವೊಂದರ ಮುಂದೆ ಕುಳಿತು ಸ-ರಿ-ಗ-ಮ ಎಂದು ತಡವರಿಸತೊಡಗಿದರೆ ನೆರೆಹೊರೆಯವರು ಮೊದಲ ದಿನ ನಗುತ್ತಾರೆ. ಎರಡನೆಯ ದಿನ ಕಿಟಕಿ ಮುಚ್ಚುತ್ತಾರೆ. ಮೂರನೆಯ ದಿನ ಆತನೇ ವಾದ್ಯವನ್ನು ಮುಚ್ಚಿಡುತ್ತಾನೆ. ದೊಡ್ಡವರ ಸಂಗೀತಾಭ್ಯಾಸದ ಕಥೆ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುವುದುಂಟು. ನಾಲ್ಕನೆಯ ದಿನವೂ ವಾದ್ಯವನ್ನು ತೆರೆಯಬೇಕಾದರೆ ಏನು ಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಾನೇಕೆ ತೆರೆಯಬೇಕಾಯಿತೆಂಬುದನ್ನು ಮೊದಲು ಹೇಳುತ್ತೇನೆ. ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ಭಜನಾಮಂದಿರ. ಪ್ರತಿ ಶನಿವಾರ ಸಂಜೆ ಅಲ್ಲಿ ಭಜನೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹಾರ್ಮೋನಿಯಂ ಬಾರಿಸುತ್ತಿದ್ದ ಹಿರಿಯರ ಕೈ ನಡುಗತೊಡಗಿತು. ಮಳೆಗಾಲದ ತೇವಕ್ಕೆ ಅವರ ಪೆಟ್ಟಿಗೆಯ ತಿದಿಯೂ ಜೀರ್ಣವಾಗಿತ್ತು. ಆಡಳಿತ ಸಮಿತಿಯವರು 61 ಮನೆಗಳ ವಿದ್ಯುತ್ ಕೀಬೋರ್ಡೊಂದನ್ನು ಕೊಂಡು ತಂದರು. ವಾದ್ಯವೇನೋ ಬಂತು, ನುಡಿಸುವವರು ಯಾರು? ಯುವಕರು ಬೆಂಗಳೂರಿನಲ್ಲಿದ್ದಾರೆ, ಮಕ್ಕಳಿಗೆ ಶನಿವಾರವೂ ಪಾಠವಿದೆ. ಊರಿನಲ್ಲಿ ಉಳಿದವರು ನಾವು, ನಲವತ್ತು ಐವತ್ತು ದಾಟಿದವರು. ಕೆಲವು ತಿಂಗಳು ದೂರವಾಣಿಯಲ್ಲಿ ಮುದ್ರಿಸಿಕೊಂಡ ಹಾಡುಗಳನ್ನೇ ಹಾಕಿ ಭಜನೆ ನಡೆಸಿದೆವು. ಆಗ ಒಂದು ವಿಚಿತ್ರವನ್ನು ಕಂಡೆ. ಯಂತ್ರ ಹಾಡುತ್ತಿದ್ದಂತೆ ಜನ ಹಾಡುವುದನ್ನೇ ನಿಲ್ಲಿಸಿದರು. ಯಂತ್ರಕ್ಕೆ ನಮ್ಮ ಅಜ್ಜಿಯರ ಉಸಿರಿಗಾಗಿ ಕಾಯುವುದು ತಿಳಿಯದಷ್ಟೆ! ಕಲಿಯಬೇಕಾದರೆ ನಾವೇ ಕಲಿಯಬೇಕು ಎಂದು ಆಗ ಅನ್ನಿಸಿತು.

ಕಲಿಸಲು ಒಪ್ಪಿದವಳು ಕಡಬದ ಕಡೆಯ ಕಾಲೇಜು ವಿದ್ಯಾರ್ಥಿನಿ. ಕೇರಳದಿಂದ ಬಂದು ಅಲ್ಲಿ ನೆಲೆಸಿದ ಕುಟುಂಬದವಳು. ಇಗರ್ಜಿಯ ಗಾಯನವೃಂದಕ್ಕೆ ಕೀಬೋರ್ಡ್ ನುಡಿಸುವವಳು. ಅವಳು ಕಲಿತದ್ದು ಪಿಯಾನೋದ ಕ್ರಮದಲ್ಲಿ, ಎರಡು ಕೈಗಳಿಂದ. ಹೀಗೆ ದೇವರನಾಮಕ್ಕಾಗಿ ಹೊರಟ ನಾನು ಪಿಯಾನೋ ವಿದ್ಯಾರ್ಥಿಯಾದೆ.

ನಮ್ಮ ಸೀಮೆಯಲ್ಲಿ ನಿಜವಾದ ಪಿಯಾನೋ ಅಪರೂಪ. ಅದರ ಒಡಲಲ್ಲಿ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳಿವೆ. ಮನೆಯನ್ನು ಒತ್ತಿದಾಗ ಉಣ್ಣೆಯ ಹೊದಿಕೆಯುಳ್ಳ ಪುಟ್ಟ ಸುತ್ತಿಗೆಯೊಂದು ಹಾರಿ ತಂತಿಗೆ ಬಡಿದು, ತಂತಿ ನಾದ ಮಾಡಲೆಂದು ಮರುಕ್ಷಣವೇ ಹಿಂದೆ ಸರಿಯುತ್ತದೆ. ಈ ಉಪಾಯವನ್ನು 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಿ ಕಂಡುಹಿಡಿದನು. ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಗಟ್ಟಿದನಿ. ಇಟಾಲಿಯನ್ ಭಾಷೆಯ ‘ಪಿಯಾನೋ’ ಎಂದರೆ ಮೆಲ್ಲಗೆ ಎಂದೇ ಅರ್ಥ. ಇಂದಿನ ಪಿಯಾನೋದಲ್ಲಿ 88 ಮನೆಗಳು, ಬಿಳಿಯವು 52, ಕಪ್ಪು 36. ಮರದ ನಾದಫಲಕ ತೇವ ಹೀರಿ ಉಬ್ಬಿದರೆ ಶ್ರುತಿ ಏರುತ್ತದೆ, ಒಣಗಿದರೆ ಇಳಿಯುತ್ತದೆ. ಜೂನ್ ತಿಂಗಳಿನಿಂದ ತಿಂಗಳುಗಟ್ಟಲೆ ಮಳೆ ಸುರಿಯುವ ಈ ಮಲೆಯ ತಪ್ಪಲಿನಲ್ಲಿ ಅಂಥ ವಾದ್ಯವನ್ನು ಸಾಕುವುದು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಆದರೆ ಪಿಯಾನೋದ ಮಣೆ ಮಾತ್ರ ನಮ್ಮ ಹಳ್ಳಿಗಳಿಗೆ ಎಂದೋ ಬಂದಿದೆ. ಹಾರ್ಮೋನಿಯಮ್ಮಿಗೆ 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬಾಂ ಎಂಬವನು ಹಕ್ಕುಪತ್ರ ಪಡೆದನು. ಅದು ಕಾಲಿನಿಂದ ತಿದಿಯೊತ್ತುವ ವಾದ್ಯ. ಮುಂದೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದಲ್ಲಿ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಭಾರತದ ಮೂಲೆಮೂಲೆಗೆ ಹರಡಿದ್ದು ಈ ಕೈಪೆಟ್ಟಿಗೆ. ಈಗಲೂ ಯಕ್ಷಗಾನದ ಭಾಗವತರ ಶ್ರುತಿ ಯಾವುದೆಂದು ಕೇಳಿದರೆ ‘ಕಪ್ಪು ಒಂದು’, ‘ಬಿಳಿ ಐದು’ ಎಂದು ಉತ್ತರ ಬರುತ್ತದೆ. ಗದ್ದೆಯಲ್ಲಿ ಕುಳಿತು ಬೆಳಗಿನ ತನಕ ಆಟ ನೋಡುವ ರಸಿಕನು ತನಗರಿವಿಲ್ಲದೆಯೇ ಪಿಯಾನೋದ ಭಾಷೆಯನ್ನಾಡುತ್ತಾನೆ! ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಬಳಸಿದರು. ಪರದೇಶದ ವಾದ್ಯವೆಂಬ ಅಳುಕಿಗೆ ಈ ಊರಿನಲ್ಲಿ ಕಾರಣವಿಲ್ಲ.

ಇನ್ನು ಕಲಿಕೆಯ ಮಾತು. ನಡುವಯಸ್ಸಿನವನ ತೊಡಕು ಬೆರಳುಗಳು ಬಿರುಸಾದವೆಂಬುದಲ್ಲ. ಅವನ ಕಿವಿ ಬೆರಳಿಗಿಂತ ನಲವತ್ತು ವರ್ಷ ಮುಂದಿದೆ ಎಂಬುದೇ ತೊಡಕು. ಎಂಟು ವರ್ಷದ ಹುಡುಗಿ ನಾಲ್ಕು ಸ್ವರ ನುಡಿಸಿ ತನ್ನ ನಾದಕ್ಕೆ ತಾನೇ ಹಿಗ್ಗುತ್ತಾಳೆ. ಐವತ್ತರವನು ಅದೇ ನಾಲ್ಕು ಸ್ವರಗಳನ್ನು ನುಡಿಸಿ, ಜೀವಮಾನವಿಡೀ ಕೇಳಿದ ಒಳ್ಳೆಯ ಸಂಗೀತದೊಡನೆ ಅವನ್ನು ಹೋಲಿಸಿ, ನಾಚಿ ಎದ್ದುಬಿಡುತ್ತಾನೆ. ಆದರೆ ಆ ಕಿವಿಯೇ ಅವನ ಆಸ್ತಿಯೂ ಹೌದು. ತಪ್ಪಿದ್ದು ಅವನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ಇಂಥ ಕಿವಿ ಮನೆಯೊಳಗೆ ಸದಾ ಕುಳಿತಿರುವ ಮೇಷ್ಟರಿದ್ದಂತೆ. ಅವರು ಬೈಯುತ್ತಾರೆಂದು ಶಾಲೆ ಬಿಡಬಾರದು, ಅಷ್ಟೆ.

ನನ್ನ ಗುರು ವಿಧಿಸಿದ ಮೊದಲ ನಿಯಮ ದಿನಕ್ಕೆ ಹದಿನೈದು ನಿಮಿಷ, ಹೆಚ್ಚು ಬೇಡ, ತಪ್ಪಲೂಬೇಡ ಎಂಬುದು. ಭಾನುವಾರ ಎರಡು ಗಂಟೆ ಕುಳಿತರಾಗದೆ ಎಂದು ಕೇಳಿದೆ. ಆಗದು ಎಂದಳು. ಇದಕ್ಕೆ ಆಧಾರವಿದೆ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದು, 1885ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಒಂದೇ ಸಲಕ್ಕೆ 68 ಬಾರಿ ಓದಿದಾಗ ದೊರೆತ ಫಲವು, ಮೂರು ದಿನಗಳಿಗೆ ಹಂಚಿ 38 ಬಾರಿ ಓದಿದರೆ ದೊರೆಯಿತೆಂದು ಆತ ಕಂಡನು. ಬೆರಳಿನ ವಿದ್ಯೆ ನೆಲೆಗೊಳ್ಳಲು ನಡುವಿನ ನಿದ್ರೆಯೂ ನೆರವಾಗುತ್ತದೆಂಬುದು ಈಚಿನ ದಶಕಗಳ ಸಂಶೋಧಕರ ಅಭಿಪ್ರಾಯ. ನಿನ್ನೆ ಸಂಜೆ ಎಷ್ಟು ಹೆಣಗಿದರೂ ಬಾರದ ತಿರುವು ಇಂದು ತಾನಾಗಿಯೇ ಬಂದುಬಿಡುವ ಸೋಜಿಗವನ್ನು ನಾನೇ ಅನುಭವಿಸಿದ್ದೇನೆ. ಅಡಿಕೆ ಮರಕ್ಕೆ ತಿಂಗಳ ನೀರನ್ನು ಒಂದೇ ದಿನ ಎರೆಯುವವರಿಲ್ಲವಷ್ಟೆ.

ಎರಡನೆಯ ನಿಯಮ ನಿಧಾನ. ಸರಿಯಾದುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಬೆರಳು ತಪ್ಪನ್ನೂ ಕಲಿಯುತ್ತದೆ. ರಬ್ಬರ್ ಹಾಲು ತೆಗೆಯಲು ಹೊಸದಾಗಿ ಕಲಿಯುವವನನ್ನು ಸುಳ್ಯದ ತೋಟಗಳಲ್ಲಿ ನೋಡಿದ್ದೇನೆ. ತೊಗಟೆಯನ್ನು ತೆಳ್ಳಗೆ ಕೊಯ್ಯಬೇಕು. ಅವಸರಪಟ್ಟು ಕತ್ತಿ ಆಳಕ್ಕಿಳಿದರೆ ಮರಕ್ಕೆ ಗಾಯವಾಗಿ ಗಂಟು ಉಳಿಯುತ್ತದೆ, ಮುಂದೆ ಅಲ್ಲಿ ಕೊಯ್ಲು ಹದವಾಗದು. ಅವಸರದಲ್ಲಿ ನುಡಿಸಿದ ಪಂಕ್ತಿಯ ಕಥೆಯೂ ಇದೇ. ತಪ್ಪಿದಾಗ ಮತ್ತೆ ಮೊದಲಿನಿಂದ ಆರಂಭಿಸುವುದು ನಮ್ಮೆಲ್ಲರ ಅಭ್ಯಾಸ. ಇದರಿಂದ ಪಲ್ಲವಿ ನೂರು ಸಲ ನುಡಿದು ಹೊಳಪಾಗುತ್ತದೆ, ಕೊನೆಯ ಚರಣ ಕಾಡಾಗಿಯೇ ಉಳಿಯುತ್ತದೆ. ಎಡವಿದ ಎರಡು ಸ್ವರಗಳನ್ನಷ್ಟೇ ತೆಗೆದುಕೊಂಡು, ಅವುಗಳ ಹಿಂದೊಂದು ಮುಂದೊಂದು ಸ್ವರ ಸೇರಿಸಿ, ಎಡವದಷ್ಟು ನಿಧಾನವಾಗಿ ಹತ್ತು ಸಲ ನುಡಿಸಬೇಕು.

ಮೂರನೆಯದು, ಕೈಗಳನ್ನು ಬೇರೆ ಬೇರೆಯಾಗಿ ಪಳಗಿಸುವುದು. ನಮ್ಮ ಎರಡು ಕೈಗಳು ಹುಟ್ಟಿನಿಂದ ಜೊತೆಗಾರರು. ಒಂದು ಮಾಡಿದ್ದನ್ನೇ ಇನ್ನೊಂದೂ ಮಾಡಬಯಸುತ್ತದೆ. ಮೊದಲು ಬಲಗೈ, ಆಮೇಲೆ ಎಡಗೈ; ಎರಡೂ ಒಂಟಿಯಾಗಿ ನಡೆಯಬಲ್ಲವೆಂದಾದ ಮೇಲೆಯೇ ಕೂಡಿಸುವುದು. ನಮ್ಮ ಮಂದಿರದ ಹಿರಿಯರು ಒಂದು ಸಂಜೆ ಕುತೂಹಲದಿಂದ ಕೀಬೋರ್ಡಿನ ಮುಂದೆ ಕುಳಿತರು. ನಡುಗುತ್ತಿದ್ದರೂ ಬಲಗೈಗೆ ಎಲ್ಲವೂ ನೆನಪಿತ್ತು. ಎಡಗೈ ಮಾತ್ರ ಬರಿಯ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಇಲ್ಲದ ತಿದಿಯನ್ನು ಅದು ಒತ್ತುತ್ತಿತ್ತು! ನಾವು ನಕ್ಕೆವು, ಅವರೂ ನಕ್ಕರು. ಆದರೆ ಅಭ್ಯಾಸವೆಂದರೆ ಏನೆಂಬುದನ್ನು ಅಷ್ಟು ಸ್ಪಷ್ಟವಾಗಿ ನನಗೆ ಯಾರೂ ತೋರಿಸಿರಲಿಲ್ಲ. ಆ ಎಡಗೈ ಕಲಿತದ್ದು ಅವರು ಮರೆಯಬೇಕೆಂದರೂ ಮರೆಯದಂಥದು.

ಇನ್ನೊಂದು ಎಚ್ಚರಿಕೆ. ಉಂಗುರದ ಬೆರಳು ಸ್ವಭಾವತಃ ಪರಾಧೀನ. ಅದರ ಸ್ನಾಯುರಜ್ಜುಗಳು ನೆರೆಯ ಬೆರಳುಗಳೊಡನೆ ಹೆಣೆದುಕೊಂಡಿವೆ. ಅದನ್ನು ಬಲವಂತಪಡಿಸಬಾರದು. ಜರ್ಮನಿಯ ರಾಬರ್ಟ್ ಶೂಮನ್ ಇಪ್ಪತ್ತರ ಹರೆಯದಲ್ಲಿ ಪಿಯಾನೋವಾದಕನಾಗಲು ಹೊರಟು, ಬಲಗೈ ಬೆರಳು ಕೆಟ್ಟು, 1830ರ ದಶಕದ ಆರಂಭದಲ್ಲಿಯೇ ಆ ಆಸೆಯನ್ನು ಕೈಬಿಡಬೇಕಾಯಿತು. ಸಂಗೀತ ರಚನಕಾರನಾಗಿ ಆತ ಹೆಸರಾದುದು ಬೇರೆ ಮಾತು. ನೋವು ಬಂದರೆ ನಿಲ್ಲಿಸುವುದೇ ಅಭ್ಯಾಸ.

ನಮ್ಮ ಸಂಗೀತದ ಸಂಸ್ಕಾರವುಳ್ಳವರಿಗೆ ಇಲ್ಲೊಂದು ಅನುಕೂಲವಿದೆ. ಸರಳೆವರಸೆಯನ್ನು ನಾವು ಕಲಿಯುವುದು ಮಾಯಾಮಾಳವಗೌಳ ರಾಗದಲ್ಲಿ. ಅದನ್ನು ಮಣೆಯ ಮೇಲೆ ಹುಡುಕಿ ನೋಡಿ. ಬಿಳಿ ಒಂದನ್ನು ಷಡ್ಜವಾಗಿ ಹಿಡಿದರೆ ರಿಷಭ ಕಪ್ಪು ಒಂದು, ಗಾಂಧಾರ ಬಿಳಿ ಮೂರು, ಮಧ್ಯಮ ಬಿಳಿ ನಾಲ್ಕು. ಪಂಚಮ ಬಿಳಿ ಐದು, ದೈವತ ಕಪ್ಪು ನಾಲ್ಕು, ನಿಷಾದ ಬಿಳಿ ಏಳು, ಅದರಾಚೆಗೆ ಮೇಲಿನ ಷಡ್ಜ. ಮೊದಲ ನಾಲ್ಕು ಸ್ವರಗಳ ನಡುವೆ ಇರುವ ಅಂತರವೇ ಮುಂದಿನ ನಾಲ್ಕರ ನಡುವೆಯೂ ಇದೆ. ಅಂಗೈಯನ್ನು ಒಮ್ಮೆ ಆ ಆಕಾರಕ್ಕೆ ಪಳಗಿಸಿ, ಹಾಗೆಯೇ ಎತ್ತಿ ಪಂಚಮದ ಮೇಲಿಟ್ಟರೆ ರಾಗ ಪೂರ್ಣವಾಯಿತು. ಬಾಲ್ಯದಲ್ಲಿ ಅರ್ಥವರಿಯದೆ ಹಾಡಿದ್ದ ಪಾಠದೊಳಗೆ ಇಂಥ ಸಮತೆ ಅಡಗಿತ್ತೆಂದು ನನ್ನ ಬೆರಳು ನನಗೆ ತಿಳಿಸಿದಾಗ ಆದ ಸಂತೋಷ ಸಣ್ಣದಲ್ಲ.

ಮಿತಿಯನ್ನೂ ಹೇಳಬೇಕು. ಈ ಮಣೆಯಲ್ಲಿ ಗಮಕವಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೇ ಇಲ್ಲ, ಮೆಟ್ಟಿಲುಗಳಷ್ಟೇ ಇವೆ. ಈ ಕೊರತೆಯೂ ಸೇರಿದಂತೆ ಹಲವು ಆಕ್ಷೇಪಗಳಿಂದಾಗಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಹೀಗಿದ್ದರೂ ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆಯಂಥವರು ಅದೇ ಪೆಟ್ಟಿಗೆಯಿಂದ ರಾಗಕ್ಕೆ ಮರ್ಯಾದೆ ತಂದುಕೊಟ್ಟರು. ಹೊಸಬನಿಗಾದರೋ ತೋಡಿ, ಆನಂದಭೈರವಿಗಳ ಆಸೆ ಬೇಡ. ನೇರ ಸ್ವರಗಳ ಭಜನೆಯೊ ಭಾವಗೀತೆಯೊ ಸಾಕು.

ವಯಸ್ಸಾದ ಮೇಲೆ ವಿದ್ಯೆ ಹತ್ತುವುದೆ ಎಂದು ಸಂದೇಹಪಡುವವರಿಗೆ ಕನ್ನಡ ನಾಡಿನದೇ ಒಂದು ನಿದರ್ಶನ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋವಾದಕರಾಗಬೇಕೆಂದು ಕನಸು ಕಂಡಿದ್ದವರು. 1940ರಲ್ಲಿ ಪಟ್ಟ ಬಂದು ಆ ಕನಸು ಮುರಿಯಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರೂ ವಾದಕರಾಗಿ ವೇದಿಕೆಯೇರುವ ಜೀವನ ಅವರದಾಗಲಿಲ್ಲ. ಆದರೆ ಅವರು ಪ್ರಾಯಪ್ರಬುದ್ಧರಾದ ಮೇಲೆ ಕರ್ನಾಟಕ ಸಂಗೀತದ ಆಳವಾದ ಅಭ್ಯಾಸಕ್ಕೆ ತೊಡಗಿ, 94 ಕೃತಿಗಳನ್ನು ರಚಿಸಿದರು. ಅರಮನೆಯ ಅನುಕೂಲಗಳು ನಮಗಿಲ್ಲವೆಂಬುದು ನಿಜ. ಆದರೂ ಒಂದು ಸಂಗೀತದಲ್ಲಿ ನುರಿತವರು ಮತ್ತೊಂದರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತ ವಿನಯ ನಮಗೂ ಸಾಧ್ಯವಾದದ್ದು.

ಹನ್ನೊಂದು ತಿಂಗಳ ಬಳಿಕ ಒಂದು ಶನಿವಾರ ನಾನು ಮಂದಿರದಲ್ಲಿ ನುಡಿಸಿದೆ. ಎಡಗೈಗೆ ಷಡ್ಜ ಪಂಚಮ, ಬಲಗೈಗೆ ಧಾಟಿ, ಅಷ್ಟೆ. ಎರಡನೆಯ ಚರಣದಲ್ಲಿ ತಪ್ಪಿದೆ. ಯಾರೂ ನಿಲ್ಲಲಿಲ್ಲ; ತಾಳ ನಡೆದೇ ಇತ್ತು, ಅಜ್ಜಿಯರ ದನಿ ನನ್ನನ್ನು ದಾಟಿಸಿ ಮುಂದಿನ ಸಾಲಿಗೆ ತಂದು ಬಿಟ್ಟಿತು. ಮುಂದಿನ ಉಸಿರಿಗೆ ಅವರು ನಿಂತಾಗ ನಾನೂ ನಿಂತೆ. ಮೂಲೆಯಲ್ಲಿ ಕುಳಿತಿದ್ದ ಹಿರಿಯರು ತಲೆದೂಗಿದರೊ, ತಪ್ಪನ್ನು ಗಮನಿಸಿದರೊ ತಿಳಿಯಲಿಲ್ಲ. ಭಜನೆ ಮುಗಿದ ಮೇಲೆ, ‘ನಾಳೆಯೂ ಕುಳಿತುಕೊಳ್ಳಿ’ ಎಂದಷ್ಟೇ ಹೇಳಿದರು.

ನಿಮ್ಮ ಊರಿನ ಮಂದಿರದಲ್ಲೊ ಇಗರ್ಜಿಯಲ್ಲೊ ಮನೆಯ ಅಟ್ಟದಲ್ಲೊ ಇಂಥದೊಂದು ವಾದ್ಯ ಬಟ್ಟೆ ಹೊದ್ದು ಮಲಗಿರಬಹುದು. ನುಡಿಸುವವರು ಊರು ಬಿಟ್ಟಿದ್ದರೆ, ಉಳಿದಿರುವ ನೀವೇ ಬಟ್ಟೆಯನ್ನು ಸರಿಸಿ ನೋಡಬಾರದೇಕೆ? ಮೊದಲ ಮೂರು ದಿನ ನೆರೆಯವರ ಕಿಟಕಿ ಮುಚ್ಚಿದರೆ ಮುಚ್ಚಲಿ.