ಗೇಲಿಕ್ ಫುಟ್‌ಬಾಲ್‌ನ ನಿಯಮಗಳು ಮತ್ತು ರೆಫರಿಯ ತೀರ್ಪು

ಗೇಲಿಕ್ ಫುಟ್‌ಬಾಲ್ ಐರ್ಲೆಂಡ್‌ನ ದೇಶೀಯ ಕ್ರೀಡೆಗಳಲ್ಲಿ ಒಂದು. ತಲಾ 15 ಆಟಗಾರರಿರುವ ಎರಡು ತಂಡಗಳು ಹುಲ್ಲಿನ ಮೈದಾನದಲ್ಲಿ ಈ ಆಟವನ್ನು ಆಡುತ್ತವೆ. ಚೆಂಡನ್ನು ಕಾಲಿನಿಂದ ಒದೆಯುವುದಕ್ಕೂ ಕೈಯಿಂದ ಹಿಡಿಯುವುದಕ್ಕೂ ಇಲ್ಲಿ ಅವಕಾಶವಿದೆ. ಆದ್ದರಿಂದ ಮೊದಲ ಬಾರಿಗೆ ನೋಡುವವರಿಗೆ ಇದು ಸಾಮಾನ್ಯ ಫುಟ್‌ಬಾಲ್ ಮತ್ತು ರಗ್ಬಿ ಆಟಗಳ ಬೆರಕೆಯಂತೆ ಕಾಣಬಹುದು. ವಾಸ್ತವವಾಗಿ ಇದು ತನ್ನದೇ ಆದ ನಿಯಮಾವಳಿಯುಳ್ಳ ಸ್ವತಂತ್ರ ಆಟ. ನಿಯಮಗಳು ಲಿಖಿತ ರೂಪದಲ್ಲಿದ್ದರೂ ಅವುಗಳಲ್ಲಿ ಹಲವು ರೆಫರಿಯ ವಿವೇಚನೆಯನ್ನು ಅವಲಂಬಿಸಿವೆ. ನಿಯಮಗಳ ಜೊತೆಗೆ ಅವುಗಳ ಅನ್ವಯವನ್ನೂ ತಿಳಿದಾಗ ಮಾತ್ರ ಈ ಆಟ ಪೂರ್ಣವಾಗಿ ಅರ್ಥವಾಗುತ್ತದೆ.

ಹಿನ್ನೆಲೆ

ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ (ಜಿಎಎ) 1884ರ ನವೆಂಬರ್ 1ರಂದು ಟಿಪರೆರಿ ಕೌಂಟಿಯ ಥರ್ಲಸ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಇದರ ಸ್ಥಾಪನೆಗೆ ಮುಂದಾದವರಲ್ಲಿ ಮೈಕೆಲ್ ಕ್ಯೂಸಾಕ್ ಪ್ರಮುಖರು. ಮಾರಿಸ್ ಡೇವಿನ್ ಮೊದಲ ಅಧ್ಯಕ್ಷರು. ಅದಕ್ಕೆ ಮುಂಚೆ ಐರ್ಲೆಂಡ್‌ನ ಹಳ್ಳಿಗಳಲ್ಲಿ ಊರಿಗೊಂದು ರೀತಿಯ ಚೆಂಡಾಟಗಳಿದ್ದವು. ಡೇವಿನ್ ಅವರು ರೂಪಿಸಿದ ಮೊದಲ ನಿಯಮಗಳು 1885ರಲ್ಲಿ ಪ್ರಕಟವಾದವು. ಆರಂಭದಲ್ಲಿ ಒಂದು ತಂಡದಲ್ಲಿ 21 ಆಟಗಾರರವರೆಗೂ ಇರುತ್ತಿದ್ದರು. ಈ ಸಂಖ್ಯೆ ಕ್ರಮೇಣ ಇಳಿದು 1913ರಲ್ಲಿ 15ಕ್ಕೆ ನಿಂತಿತು. ಜಿಎಎ ಹವ್ಯಾಸಿ ಸಂಸ್ಥೆಯಾಗಿದ್ದು, ರಾಷ್ಟ್ರಮಟ್ಟದ ಪಂದ್ಯಗಳಲ್ಲಿಯೂ ಆಟಗಾರರಿಗಾಗಲಿ ರೆಫರಿಗಳಿಗಾಗಲಿ ಸಂಬಳವಿಲ್ಲ.

ಮೈದಾನ ಮತ್ತು ಅಂಕಗಳು

ಮೈದಾನದ ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್. ಎರಡೂ ತುದಿಗಳಲ್ಲಿ ಇಂಗ್ಲಿಷಿನ 'ಎಚ್' ಅಕ್ಷರದ ಆಕಾರದ ಗೋಲುಕಂಬಗಳಿರುತ್ತವೆ. ಕಂಬಗಳ ನಡುವಿನ ಅಂತರ 6.5 ಮೀಟರ್, ಅಡ್ಡಪಟ್ಟಿ ನೆಲದಿಂದ 2.5 ಮೀಟರ್ ಎತ್ತರದಲ್ಲಿರುತ್ತದೆ. ಅಡ್ಡಪಟ್ಟಿಯ ಕೆಳಗೆ ಚೆಂಡು ಬಲೆ ಸೇರಿದರೆ ಅದು 'ಗೋಲು'. ಅಡ್ಡಪಟ್ಟಿಯ ಮೇಲೆ, ಕಂಬಗಳ ನಡುವೆ ಹಾದುಹೋದರೆ ಅದು 'ಪಾಯಿಂಟ್'. ಒಂದು ಗೋಲು ಮೂರು ಪಾಯಿಂಟ್‌ಗಳಿಗೆ ಸಮ.

ಅಂಕಗಳನ್ನು ಬರೆಯುವ ಕ್ರಮ ಹೊಸಬರಿಗೆ ಗೊಂದಲ ಉಂಟುಮಾಡಬಹುದು. ಗೋಲುಗಳನ್ನು ಮೊದಲು, ಪಾಯಿಂಟ್‌ಗಳನ್ನು ಅನಂತರ ಬರೆಯುತ್ತಾರೆ. ಉದಾಹರಣೆಗೆ, 1982ರ ಅಖಿಲ ಐರ್ಲೆಂಡ್ ಅಂತಿಮ ಪಂದ್ಯದಲ್ಲಿ ಆಫಲಿ 1-15, ಕೆರಿ 0-17 ಅಂಕ ಗಳಿಸಿದವು. ಇದರ ಅರ್ಥ ಆಫಲಿಗೆ ಒಟ್ಟು 18, ಕೆರಿಗೆ ಒಟ್ಟು 17. ಪಾಯಿಂಟ್‌ಗಳ ಸಂಖ್ಯೆಯಲ್ಲಿ ಹಿಂದಿದ್ದ ಆಫಲಿ ಒಂದು ಗೋಲಿನ ಬಲದಿಂದ ಗೆದ್ದಿತು.

ಚೆಂಡನ್ನು ಒಯ್ಯುವ ನಿಯಮಗಳು

ಚೆಂಡನ್ನು ಕೈಯಲ್ಲಿ ಹಿಡಿದು ಇಷ್ಟಬಂದಷ್ಟು ದೂರ ಓಡುವಂತಿಲ್ಲ. ನಾಲ್ಕು ಹೆಜ್ಜೆಗಳೊಳಗೆ ಆಟಗಾರನು ಚೆಂಡನ್ನು ಒದೆಯಬೇಕು, ಇನ್ನೊಬ್ಬನಿಗೆ ದಾಟಿಸಬೇಕು, ನೆಲಕ್ಕೆ ಪುಟಿಸಬೇಕು ಅಥವಾ 'ಸೋಲೋ' ಮಾಡಬೇಕು. ಚೆಂಡನ್ನು ಪಾದದ ಮೇಲೆ ಬಿಟ್ಟು, ಕಾಲ್ಬೆರಳಿನಿಂದ ಮೆಲ್ಲನೆ ಚಿಮ್ಮಿಸಿ ಮರಳಿ ಕೈಗೆ ತೆಗೆದುಕೊಳ್ಳುವುದಕ್ಕೆ ಸೋಲೋ ಎಂದು ಹೆಸರು. ಸತತವಾಗಿ ಎಷ್ಟು ಬಾರಿಯಾದರೂ ಸೋಲೋ ಮಾಡಬಹುದು; ಆದರೆ ಸತತವಾಗಿ ಎರಡು ಬಾರಿ ನೆಲಕ್ಕೆ ಪುಟಿಸುವುದು ತಪ್ಪು.

ಕೈಯಿಂದ ಚೆಂಡನ್ನು ದಾಟಿಸುವಾಗ ಹೊಡೆಯುವ ಕ್ರಿಯೆ ಸ್ಪಷ್ಟವಾಗಿ ಕಾಣಬೇಕು, ಎಸೆಯುವಂತಿಲ್ಲ. ನೆಲದ ಮೇಲಿರುವ ಚೆಂಡನ್ನು ನೇರವಾಗಿ ಕೈಯಿಂದ ಎತ್ತಿಕೊಳ್ಳುವಂತಿಲ್ಲ. ಕಾಲ್ಬೆರಳಿನಿಂದ ಮೇಲೆತ್ತಿ ಕೈಗೆ ತೆಗೆದುಕೊಳ್ಳಬೇಕು. ಗೋಲ್‌ಕೀಪರ್‌ಗೆ ಮಾತ್ರ ಗೋಲಿನ ಮುಂದಿನ ಚಿಕ್ಕ ಆಯತದೊಳಗೆ ವಿನಾಯಿತಿ ಉಂಟು. ಮಹಿಳೆಯರ ಗೇಲಿಕ್ ಫುಟ್‌ಬಾಲ್‌ಗೆ 1974ರಲ್ಲಿ ಸ್ಥಾಪಿತವಾದ ಪ್ರತ್ಯೇಕ ಸಂಸ್ಥೆಯಿದ್ದು, ಅಲ್ಲಿ ಚೆಂಡನ್ನು ನೆಲದಿಂದ ನೇರವಾಗಿ ಎತ್ತಿಕೊಳ್ಳಲು ಅನುಮತಿಯಿದೆ.

ಗೋಲು ಗಳಿಸುವ ವಿಷಯದಲ್ಲಿ ಇನ್ನೊಂದು ಮುಖ್ಯ ನಿರ್ಬಂಧವಿದೆ. ಗಾಳಿಯಲ್ಲಿ ಬರುತ್ತಿರುವ ಚೆಂಡನ್ನು ಕೈಯಿಂದ ಹೊಡೆದು ಗೋಲು ಮಾಡಬಹುದು. ಆದರೆ ತನ್ನ ವಶದಲ್ಲಿರುವ ಚೆಂಡನ್ನು ಆಟಗಾರನು ಕೈಯಿಂದ ಎಸೆದು ಅಥವಾ ಹೊತ್ತುಕೊಂಡು ಗೋಲುಗೆರೆ ದಾಟಿಸುವಂತಿಲ್ಲ.

ಚೆಂಡನ್ನು ಕಸಿಯುವ ಕ್ರಮ

ಎದುರಾಳಿಯನ್ನು ಹಿಡಿಯುವುದು, ತಳ್ಳುವುದು, ಎಳೆಯುವುದು, ಕಾಲುಕೊಟ್ಟು ಬೀಳಿಸುವುದು ನಿಷಿದ್ಧ. ಆತನ ಕೈಯಲ್ಲಿರುವ ಚೆಂಡನ್ನು ತೆರೆದ ಅಂಗೈಯಿಂದ ತಟ್ಟಿ ಬೀಳಿಸಬಹುದು. ಪುರುಷರ ಆಟದಲ್ಲಿ, ಕನಿಷ್ಠ ಒಂದು ಕಾಲು ನೆಲದ ಮೇಲಿರುವಂತೆ, ಭುಜಕ್ಕೆ ಭುಜ ತಾಗಿಸಿ ನೂಕುವುದಕ್ಕೂ ಅವಕಾಶವಿದೆ. ಬೆನ್ನಿಗೆ ಅಥವಾ ಎದೆಗೆ ಢಿಕ್ಕಿ ಹೊಡೆದರೆ ಅದು ತಪ್ಪು. ರಗ್ಬಿಯಲ್ಲಿ ಆಟಗಾರನನ್ನೇ ಹಿಡಿದು ಕೆಡವಬಹುದು. ಇಲ್ಲಿ ಗುರಿ ಚೆಂಡೇ ಹೊರತು ಆಟಗಾರನ ದೇಹವಲ್ಲ.

ಪಂದ್ಯದ ಅಧಿಕಾರಿಗಳು

ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಲೈನ್ಸ್‌ಮನ್‌ಗಳು ಮತ್ತು ನಾಲ್ವರು ಅಂಪೈರ್‌ಗಳು ಇರುತ್ತಾರೆ. ಬಿಳಿ ಕೋಟು ಧರಿಸಿದ ಅಂಪೈರ್‌ಗಳು ಪ್ರತಿ ಗೋಲಿನ ಬಳಿ ಇಬ್ಬರಂತೆ ನಿಂತು, ಗೋಲಿಗೆ ಹಸಿರು ಬಾವುಟವನ್ನೂ ಪಾಯಿಂಟ್‌ಗೆ ಬಿಳಿ ಬಾವುಟವನ್ನೂ ಎತ್ತುತ್ತಾರೆ. ಲೈನ್ಸ್‌ಮನ್‌ಗಳು ಅಂಚುಗೆರೆಗಳನ್ನು ಕಾಯುತ್ತಾರೆ. ಇವರೆಲ್ಲರೂ ರೆಫರಿಗೆ ಸಲಹೆ ನೀಡಬಲ್ಲರು. ಅಂತಿಮ ತೀರ್ಪು ರೆಫರಿಯದು.

ಚೆಂಡು ಕಂಬಗಳ ನಡುವೆ ಹೋಯಿತೇ ಎಂಬುದನ್ನು ನಿರ್ಧರಿಸಲು 2013ರಿಂದ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಹಾಕ್-ಐ ತಂತ್ರಜ್ಞಾನವನ್ನು ಬಳಸಲಾಗುತ್ತಿದೆ. ಆದರೆ ಆಟಗಾರರ ತಪ್ಪುಗಳನ್ನು ವಿಡಿಯೊ ನೋಡಿ ನಿರ್ಣಯಿಸುವ ವ್ಯವಸ್ಥೆ ಈ ಆಟದಲ್ಲಿಲ್ಲ.

ತಪ್ಪುಗಳು ಮತ್ತು ದಂಡನೆ

ನಿಯಮಾವಳಿಯು ತಪ್ಪುಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡುತ್ತದೆ. ಹೆಚ್ಚು ಹೆಜ್ಜೆ ಇಡುವುದು, ಚೆಂಡನ್ನು ಎಸೆಯುವುದು ಮುಂತಾದವು ತಾಂತ್ರಿಕ ತಪ್ಪುಗಳು. ಎದುರಾಳಿಯ ದೇಹಕ್ಕೆ ಸಂಬಂಧಿಸಿದವು ಆಕ್ರಮಣಕಾರಿ ತಪ್ಪುಗಳು. ಸಾಮಾನ್ಯವಾಗಿ ಎರಡಕ್ಕೂ ಎದುರು ತಂಡಕ್ಕೆ ಫ್ರೀ ಕಿಕ್ ದೊರೆಯುತ್ತದೆ. ರಕ್ಷಣೆಯಲ್ಲಿರುವ ತಂಡವು ಗೋಲಿನ ಮುಂದಿನ ದೊಡ್ಡ ಆಯತದೊಳಗೆ ಆಕ್ರಮಣಕಾರಿ ತಪ್ಪು ಮಾಡಿದರೆ ಪೆನಾಲ್ಟಿ ವಿಧಿಸಲಾಗುತ್ತದೆ. ಪೆನಾಲ್ಟಿಯನ್ನು 11 ಮೀಟರ್ ದೂರದಿಂದ ಒದೆಯುತ್ತಾರೆ. ಎದುರಿಗೆ ಗೋಲ್‌ಕೀಪರ್ ಒಬ್ಬನೇ ನಿಲ್ಲುತ್ತಾನೆ. ರಕ್ಷಣೆಯ ತಂಡದವರನ್ನು ತಾಗಿ ಚೆಂಡು ಕೊನೆಗೆರೆಯ ಆಚೆ ಹೋದರೆ, ಎದುರು ತಂಡಕ್ಕೆ 45 ಮೀಟರ್ ಗೆರೆಯಿಂದ ಒದೆಯುವ ಅವಕಾಶ ಸಿಗುತ್ತದೆ. ಅದನ್ನು '45' ಎಂದೇ ಕರೆಯುತ್ತಾರೆ.

ಶಿಸ್ತಿಗಾಗಿ ಮೂರು ಬಣ್ಣದ ಕಾರ್ಡುಗಳಿವೆ. ಹಳದಿ ಕಾರ್ಡು ಎಚ್ಚರಿಕೆ. ಎರಡನೆಯ ಹಳದಿ ಬಂದರೆ ಆಟಗಾರನು ಹೊರಹೋಗಬೇಕು. ಗಂಭೀರ ಅಪರಾಧಕ್ಕೆ ನೇರವಾಗಿ ಕೆಂಪು ಕಾರ್ಡು. ಉದ್ದೇಶಪೂರ್ವಕವಾಗಿ ಎದುರಾಳಿಯನ್ನು ಎಳೆದು ಕೆಡವುವುದು, ಕಾಲುಕೊಟ್ಟು ಬೀಳಿಸುವುದು, ಓಡುವವನಿಗೆ ಅಡ್ಡ ನುಗ್ಗುವುದು ಮುಂತಾದವುಗಳಿಗೆ ಕಪ್ಪು ಕಾರ್ಡು. ಇದು 2014ರಲ್ಲಿ ಜಾರಿಗೆ ಬಂತು. ಆಗ ಕಪ್ಪು ಕಾರ್ಡು ಪಡೆದವನ ಬದಲಿಗೆ ಬೇರೊಬ್ಬ ಆಟಗಾರನನ್ನು ಇಳಿಸಬಹುದಿತ್ತು. 2020ರಿಂದ ಆತ ಹತ್ತು ನಿಮಿಷ ಹೊರಗಿರಬೇಕು. ಅಷ್ಟು ಕಾಲ ತಂಡ ಒಬ್ಬ ಆಟಗಾರನ ಕೊರತೆಯಲ್ಲಿ ಆಡಬೇಕು.

ರೆಫರಿಯ ವಿವೇಚನೆ

ನಿಯಮ ಒಂದೇ ಆದರೂ ತೀರ್ಪುಗಳು ಏಕೆ ಬೇರೆ ಬೇರೆಯಾಗುತ್ತವೆ ಎಂಬ ಪ್ರಶ್ನೆ ಪ್ರೇಕ್ಷಕರಲ್ಲಿ ಸಹಜವಾಗಿ ಏಳುತ್ತದೆ. ಇದಕ್ಕೆ ಮೂರು ಮುಖ್ಯ ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಹೆಜ್ಜೆಗಳ ಎಣಿಕೆ. ಪೂರ್ಣ ವೇಗದಲ್ಲಿ ಓಡುವವನ ಹೆಜ್ಜೆ ನಾಲ್ಕಾಯಿತೇ ಐದಾಯಿತೇ ಎಂದು ಎಣಿಸುವಾಗಲೇ ರೆಫರಿಯು ಆತನ ಸುತ್ತಲಿನ ಕೈಗಳನ್ನೂ ಗಮನಿಸಬೇಕು. ಎದುರಾಳಿಗಳು ಸುತ್ತುವರಿದು ಹಿಡಿದಿದ್ದರಿಂದಲೇ ಆತ ಐದನೆಯ ಹೆಜ್ಜೆ ಇಟ್ಟಿರಬಹುದು. ಆಗ ಮೊದಲ ತಪ್ಪು ಯಾರದು ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸಬೇಕಾಗುತ್ತದೆ.

ಎರಡನೆಯದು ಚೆಂಡನ್ನು ಕಸಿಯುವ ಯತ್ನ. ಅಂಗೈ ಚೆಂಡಿಗೆ ತಾಗಿತೇ ತೋಳಿಗೆ ತಾಗಿತೇ, ಭುಜದ ಒತ್ತು ಪಕ್ಕದಿಂದ ಬಂತೇ ಹಿಂದಿನಿಂದ ಬಂತೇ ಎಂಬ ವ್ಯತ್ಯಾಸಗಳು ಅತಿ ಸೂಕ್ಷ್ಮವಾದವು. ಮೇಲೆ ಹೇಳಿದ 1982ರ ಪಂದ್ಯದ ಕೊನೆಯ ನಿಮಿಷಗಳಲ್ಲಿ ಆಫಲಿಯ ಸೀಮಸ್ ಡಾರ್ಬಿ ಎತ್ತರದ ಚೆಂಡನ್ನು ಹಿಡಿದು ಗೋಲು ಹೊಡೆದರು. ಚೆಂಡು ಹಿಡಿಯುವ ಮುನ್ನ ಅವರು ಕೆರಿಯ ರಕ್ಷಕನ ಬೆನ್ನನ್ನು ತಳ್ಳಿದರೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ರೆಫರಿ ಶಿಳ್ಳೆ ಊದಲಿಲ್ಲ. ಸತತ ಐದನೆಯ ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಕೆರಿ ಒಂದೇ ಅಂಕದಿಂದ ಸೋತಿತು.

ಮೂರನೆಯದು ಅನುಕೂಲದ ನಿಯಮ. ತಪ್ಪು ನಡೆದರೂ, ತಪ್ಪಿಗೆ ಒಳಗಾದ ತಂಡಕ್ಕೆ ಆಟ ಮುಂದುವರಿಯುವುದೇ ಲಾಭಕರ ಎನಿಸಿದರೆ, ರೆಫರಿ ಕೈಯನ್ನು ಮೇಲೆತ್ತಿ ಆಟವನ್ನು ಬಿಡುತ್ತಾರೆ. ಲಾಭ ಕೈಗೂಡದಿದ್ದರೆ ಫ್ರೀ ಕಿಕ್ ಕೊಡುತ್ತಾರೆ. ಮೇಲೆತ್ತಿದ ಕೈಯನ್ನು ಗಮನಿಸದ ಪ್ರೇಕ್ಷಕರಿಗೆ ರೆಫರಿ ತಪ್ಪನ್ನು ಕಾಣಲೇ ಇಲ್ಲವೇನೋ ಎಂದು ತೋರುವುದುಂಟು.

2010ರ ಲೆನ್‌ಸ್ಟರ್ ಅಂತಿಮ ಪಂದ್ಯ

ರೆಫರಿಯ ತೀರ್ಪಿನ ಭಾರವೆಷ್ಟು ಎಂಬುದಕ್ಕೆ 2010ರ ಜುಲೈ 11ರಂದು ಕ್ರೋಕ್ ಪಾರ್ಕ್‌ನಲ್ಲಿ ನಡೆದ ಪಂದ್ಯ ನಿದರ್ಶನ. ಲೆನ್‌ಸ್ಟರ್ ಪ್ರಾಂತ್ಯದ ಪ್ರಶಸ್ತಿಗಾಗಿ ಮೀಥ್ ಮತ್ತು ಲೌಥ್ ಕೌಂಟಿಗಳು ಸೆಣಸಿದವು. ಚಿಕ್ಕ ಕೌಂಟಿಯಾದ ಲೌಥ್ ಆ ಪ್ರಶಸ್ತಿಯನ್ನು ಕೊನೆಯ ಬಾರಿ ಗೆದ್ದದ್ದು 1957ರಲ್ಲಿ. ಹೆಚ್ಚುವರಿ ಸಮಯ ಮುಗಿಯುತ್ತಿದ್ದಾಗ ಲೌಥ್ ಒಂದು ಅಂಕದಿಂದ ಮುಂದಿತ್ತು. ಆಗ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಮೀಥ್ ಆಟಗಾರನೊಬ್ಬ ಕೈಯಲ್ಲಿದ್ದ ಚೆಂಡನ್ನು ಗೋಲುಗೆರೆಯ ಆಚೆ ಸೇರಿಸಿದ. ನಿಯಮದ ಪ್ರಕಾರ ಅದು ಗೋಲಲ್ಲ. ಆದರೂ ರೆಫರಿ ಗೋಲು ಎಂದು ಘೋಷಿಸಿದರು. ಮೀಥ್ 1-12, ಲೌಥ್ 1-10 ಅಂಕಗಳೊಂದಿಗೆ ಪಂದ್ಯ ಮುಗಿಯಿತು.

ಪಂದ್ಯ ಮುಗಿದೊಡನೆ ಕೆಲವು ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ರೆಫರಿಯ ಮೇಲೆ ಕೈಮಾಡಿದರು. ಪೊಲೀಸರ ರಕ್ಷಣೆಯಲ್ಲಿ ಅವರನ್ನು ಕರೆದೊಯ್ಯಬೇಕಾಯಿತು. ತೀರ್ಪು ತಪ್ಪಾಗಿತ್ತೆಂದು ರೆಫರಿಯೇ ಒಪ್ಪಿಕೊಂಡರೆಂದು ಜಿಎಎ ತಿಳಿಸಿತು. ಆದರೆ ಮರುಪಂದ್ಯಕ್ಕೆ ಆದೇಶಿಸುವ ಅಧಿಕಾರ ನಿಯಮಾವಳಿಯಲ್ಲಿ ತನಗಿಲ್ಲ ಎಂದಿತು. ಮೀಥ್ ತಾನಾಗಿ ಮರುಪಂದ್ಯಕ್ಕೆ ಮುಂದಾಗಬಹುದಿತ್ತು, ಅದು ಮುಂದಾಗಲಿಲ್ಲ. ಫಲಿತಾಂಶ ಹಾಗೆಯೇ ಉಳಿಯಿತು.

ಈ ಘಟನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೈದಾನದಲ್ಲಿ ನೀಡಿದ ತೀರ್ಪು ತಪ್ಪೆಂದು ಅನಂತರ ತಿಳಿದರೂ ಫಲಿತಾಂಶ ಬದಲಾಗುವುದಿಲ್ಲ. ತೀರ್ಪು ತಪ್ಪಾಗಿದ್ದರೂ ಅದನ್ನು ನೀಡಿದವರ ಮೇಲೆ ಕೈಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

2025ರ ಬದಲಾವಣೆಗಳು

ತಂಡಗಳು ಎಲ್ಲ ಆಟಗಾರರನ್ನೂ ಹಿಂದಕ್ಕೆಳೆದು ರಕ್ಷಣೆಗೆ ನಿಲ್ಲಿಸುತ್ತಿದ್ದುದರಿಂದ ಆಟ ನೀರಸವಾಗುತ್ತಿದೆ ಎಂಬ ದೂರು ಬೆಳೆದಿತ್ತು. ಡಬ್ಲಿನ್ ತಂಡದ ಮಾಜಿ ವ್ಯವಸ್ಥಾಪಕ ಜಿಮ್ ಗೇವಿನ್ ಅವರ ನೇತೃತ್ವದ ಪರಿಶೀಲನಾ ಸಮಿತಿ ಹಲವು ಬದಲಾವಣೆಗಳನ್ನು ಸೂಚಿಸಿತು. 2024ರ ನವೆಂಬರ್‌ನಲ್ಲಿ ವಿಶೇಷ ಅಧಿವೇಶನದ ಒಪ್ಪಿಗೆ ಪಡೆದು ಅವು 2025ರಲ್ಲಿ ಪ್ರಯೋಗಕ್ಕೆ ಬಂದವು. ಅವುಗಳಲ್ಲಿ ಮುಖ್ಯವಾದವು:

• ಗೋಲಿನಿಂದ 40 ಮೀಟರ್ ದೂರದ ಕಮಾನುಗೆರೆಯ ಮೇಲಿನಿಂದ ಅಥವಾ ಹೊರಗಿನಿಂದ ಒದ್ದ ಚೆಂಡು ಅಡ್ಡಪಟ್ಟಿಯ ಮೇಲೆ ಹೋದರೆ ಎರಡು ಅಂಕ. ಇದಕ್ಕೆ ಅಂಪೈರ್ ಕಿತ್ತಳೆ ಬಾವುಟ ಎತ್ತುತ್ತಾರೆ.
• ಪ್ರತಿ ತಂಡದ ಕನಿಷ್ಠ ಮೂವರು ಆಟಗಾರರು ಸದಾ ಎದುರಾಳಿಯ ಅರ್ಧದಲ್ಲಿರಬೇಕು.
• ತಪ್ಪಿಗೆ ಒಳಗಾದ ಆಟಗಾರನು ಕಾಯದೆ, ಚೆಂಡನ್ನು ತಾನೇ ಸೋಲೋ ಮಾಡಿ ಮುಂದುವರಿಯಬಹುದು.
• ರೆಫರಿಯೊಂದಿಗೆ ವಾದಿಸಿದರೆ ಅಥವಾ ಚೆಂಡನ್ನು ಎದುರು ತಂಡಕ್ಕೆ ಕೊಡದೆ ತಡಮಾಡಿದರೆ ಫ್ರೀ ಕಿಕ್ಕಿನ ಸ್ಥಾನವನ್ನು 50 ಮೀಟರ್ ಮುಂದಕ್ಕೆ ಒಯ್ಯಲಾಗುತ್ತದೆ.

ಕೊನೆಯ ನಿಯಮವು ರೆಫರಿಯ ದೃಷ್ಟಿಯಿಂದ ವಿಶೇಷ ಮಹತ್ವದ್ದು. ಹಿಂದೆ ಪ್ರತಿ ಶಿಳ್ಳೆಯ ಬೆನ್ನಿಗೆ ಆಟಗಾರರು ರೆಫರಿಯನ್ನು ಸುತ್ತುವರಿದು ಪ್ರತಿಭಟಿಸುವುದು ಸಾಮಾನ್ಯವಾಗಿತ್ತು. ಈಗ ಒಂದು ಮಾತಿನ ಬೆಲೆ ಐವತ್ತು ಮೀಟರ್. ಈ ಮೂಲಕ ರೆಫರಿಗೆ ಸಲ್ಲಬೇಕಾದ ಗೌರವ ನಿಯಮದ ಭಾಗವೇ ಆಗಿದೆ.

ಈ ಹೊಸ ನಿಯಮಗಳಡಿಯಲ್ಲಿ 2025ರ ಮೇ ತಿಂಗಳಿನಲ್ಲಿ ಲೆನ್‌ಸ್ಟರ್ ಅಂತಿಮ ಪಂದ್ಯ ನಡೆಯಿತು. ಎದುರಾಳಿಗಳು ಮತ್ತೆ ಮೀಥ್ ಮತ್ತು ಲೌಥ್. ಲೌಥ್ 3-14, ಮೀಥ್ 1-18. ಎಂದರೆ 23ಕ್ಕೆ 21. 1957ರ ಬಳಿಕ, 68 ವರ್ಷಗಳ ಅಂತರದಲ್ಲಿ, ಲೌಥ್ ಮೊದಲ ಬಾರಿಗೆ ಆ ಪ್ರಶಸ್ತಿಯನ್ನು ಗೆದ್ದಿತು.